ನೀರಲ್ಲಿ ನೆಟ್ಟಿದ್ದ ಕೊಂಬೆ

ಕೋಡಂಬಾಕ್ಕಂ, ಚೆನ್ನೈ
ಡಿಸೆಂಬರ್ ೪, ೨೦೨೫

ನನ್ನ ಮುಂಗೋಪದ, ಮುದ್ದಿನ ಅಮ್ಮನಿಗೆ,

ಹರ್ಷಿಣಿಯ ನಮಸ್ಕಾರ. ನಾನು ಕ್ಷೇಮವಾಗಿದ್ದೇನೆ. ಇದನ್ನು ಮೊದಲೇ ಬರೆಯದಿದ್ದರೆ ನೀನು ಮುಂದಿನದನ್ನು ಓದದೆ ಅಪ್ಪನನ್ನು ರೈಲು ಹತ್ತಿಸಿಬಿಡುತ್ತೀಯ. ದಿನಾ ಫೋನು ಮಾಡುವವಳು ಪತ್ರ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ದನಿ ಕೇಳಿದರೆ ನಿನಗೆ ಎಲ್ಲ ತಿಳಿದುಹೋಗುತ್ತದೆ, ನಾನು ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಡ್ರಾಯಿಂಗ್ ಟೀಚರಾದರೂ ಹಾಸಿಗೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಮೊದಲು ಸಣ್ಣ ತಪ್ಪು ಒಪ್ಪಿಕೊಳ್ಳುತ್ತೇನೆ. ಜೊತೆಗೆ ಬರುತ್ತಾಳೆ ಎಂದಿದ್ದೆನಲ್ಲ, ಗೆಳತಿ ಮಾನಸ, ಅವಳು ಬಂದಿಲ್ಲ. ಹೊರಡುವ ಹಿಂದಿನ ದಿನ ಅವಳಿಗೆ ಜ್ವರ ಬಂತು. ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ. ಒಬ್ಬಳೇ ಬಂದೆ.

ಊರು ಚೆಂದವೇ ಇದೆ ಅಮ್ಮ. ಎಗ್ಮೋರ್ ಮ್ಯೂಸಿಯಮ್ಮಿನಲ್ಲಿ ಕಂಚಿನ ಮೂರ್ತಿಗಳ ಮುಂದೆ ನೆಲದ ಮೇಲೆ ಕುಳಿತು ಚಿತ್ರ ಬರೆದೆ. ಮೈಲಾಪುರದ ಒಂದು ಸಭಾದಲ್ಲಿ ಸಂಗೀತ ಕೇಳಿದೆ. ಮೃದಂಗದವರು ಒಬ್ಬರೇ ನುಡಿಸಲು ಶುರು ಮಾಡಿದರೆ ಸಾಕು, ಅರ್ಧ ಜನ ಎದ್ದು ಕ್ಯಾಂಟೀನಿಗೆ ಹೋಗಿಬಿಡುತ್ತಾರೆ, ಪಾಪ! ಆದರೆ ಹೆದರಿಕೆ ಮೊದಲ ದಿನದಿಂದಲೂ ಇತ್ತು. ಬಸ್ಸಿನ ಬೋರ್ಡು ಓದಲು ಬಾರದು. ಮಳೆ ನಿಲ್ಲುವುದಿಲ್ಲ. ಕಾರ್ಮೋಡಕ್ಕೆ ಮಧ್ಯಾಹ್ನವೂ ಮಂಕು. ಯಾರಾದರೂ ಹಿಂದೆ ನಡೆದು ಬಂದರೆ ಕೊಡೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ನನ್ನ ರೂಮು ಸುಬ್ರಾಯರ ಹೋಟೆಲಿನ ಮಹಡಿಯಲ್ಲಿ. ಕೋಟದ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ಬೀದಿಯ ತಿರುವಿನಲ್ಲಿ ಒಬ್ಬ ಮುದುಕಿ ದೊಡ್ಡ ಕಪ್ಪು ಕೊಡೆ ಬಿಚ್ಚಿಕೊಂಡು ಹೂ ಮಾರುತ್ತಾಳೆ. ಕೊಡೆಗೆ ಹಸಿರು ಬಟ್ಟೆಯ ತೇಪೆ. ನಿನ್ನೆ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಅವಳ ಚಿತ್ರ ಬರೆದೆ. ನೋಡಿ, ತನ್ನ ಮೂಗು ಅಷ್ಟು ದಪ್ಪ ಇಲ್ಲವೆಂದು ಕೈಸನ್ನೆಯಲ್ಲೇ ಜಗಳ ಮಾಡಿದಳು.

ಮಧ್ಯಾಹ್ನ ತಿರುಗಿ ಬರುವಷ್ಟರಲ್ಲಿ ಬೀದಿ ತುಂಬ ನೀರು, ಮೊಣಕಾಲಿನವರೆಗೆ. ತಿರುವಿನಲ್ಲಿ, ನೀರು ಶುರುವಾಗುವಲ್ಲಿಯೇ ಒಂದು ಕೊಂಬೆ ನಿಂತಿತ್ತು. ತುದಿಗೆ ಕೆಂಪು ಪ್ಲಾಸ್ಟಿಕ್ ಚೀಲ. ಗಾಳಿಗೆ ಬಂದು ಸಿಕ್ಕಿಕೊಂಡದ್ದು ಎಂದುಕೊಂಡೆ.

ಅಮ್ಮ, ನನಗೆ ನಮ್ಮೂರ ಹಳ್ಳದ ಕಾಲುಸೇತುವೆ, ಆ ಸಂಕ, ನೆನಪಾಯಿತು. ಸಂಕ ನೀರಿನಡಿ ಮುಳುಗಿದಾಗ ದಡದಲ್ಲಿ ಯಾವಾಗಲೂ ಒಂದು ಕೋಲು ಇರುತ್ತದಲ್ಲ. ದಾಟುವವರು ಅದರಿಂದ ತಡಕಿಕೊಂಡು ಹೋಗಿ, ಬರುವವರಿಗಾಗಿ ಆಚೆ ದಡದಲ್ಲಿ ಇಟ್ಟು ಹೋಗಬೇಕು. ನಡೆಯಲು ಕಲಿಸಿದ ಹಾಗೆ ನೀನು ಅದನ್ನು ನನಗೆ ಕಲಿಸಿದ್ದೆ. ಇಲ್ಲಿಯೂ ಯಾರೋ ಪುಣ್ಯಾತ್ಮರು ಇಟ್ಟಿದ್ದಾರೆ ಎಂದುಕೊಂಡು ಬಗ್ಗಿ ಆ ಕೊಂಬೆಯನ್ನು ಕಿತ್ತೆ. ತಡಕಿಕೊಂಡು ಬಂದೆ. ಮುಂದೆ ಬರುವವರಿಗೆ ಸಿಗಲಿ ಎಂದು ಹೋಟೆಲಿನ ಮೆಟ್ಟಿಲಿಗೆ ಒರಗಿಸಿಟ್ಟೆ. ಹೆಮ್ಮೆಯೂ ಪಟ್ಟೆ.

ಸುಬ್ರಾಯರು ಅದನ್ನು ನೋಡಿ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. "ಅಯ್ಯೋ ಮಾರಾಯ್ತಿ, ಇದು ಚರಂಡಿ ಬಾಯಿಗೆ ನೆಟ್ಟದ್ದಲ್ವಾ? ನೀರು ಇಳೀಲಿ ಅಂತ ಇಲ್ಲಿನವರೇ ಮುಚ್ಚಳ ತೆಗೀತಾರೆ. ಜನ ಕಾಲಿಡಬಾರ್ದು ಅಂತ ಕೊಂಬೆ ನಿಲ್ಲಿಸ್ತಾರೆ. ಒಳಗೆ ಹೋದವ್ರು ಸಿಕ್ಕೂದುಂಟಾ?" ಎಂದರು.

ಕೇಳಿದ ಕೂಡಲೇ ನಾನು ಕೊಂಬೆ ಎತ್ತಿಕೊಂಡು ಓಡಿದೆ.

ಓಡುವಾಗ ನನ್ನ ತಲೆಯಲ್ಲಿ ಇದ್ದದ್ದು ಉಷಾ ಚಿಕ್ಕಮ್ಮ. ನಾನು ಹುಟ್ಟುವ ಮೊದಲೇ ಸಂಕದಲ್ಲಿ ಕಾಲು ಜಾರಿ ಕೊಚ್ಚಿಹೋದ ನಿನ್ನ ತಂಗಿಯನ್ನು ನಾನು ನೋಡಿದವಳಲ್ಲ, ಆದರೂ ಅವಳೇ ಇದ್ದಳು. ಹದಿನಾರು ವರ್ಷ, ಕೈಯಲ್ಲಿ ಪುಸ್ತಕ, ದಡದಲ್ಲಿ ಕೋಲಿಲ್ಲ. ಯಾರೋ ಕೋಲನ್ನು ಮನೆಗೆ ಒಯ್ದಿದ್ದರು. ಅವರ ಕೈ ಬಿದ್ದುಹೋಗಲಿ ಎಂದು ನೀನು ಇವತ್ತಿಗೂ ಮಳೆಗಾಲದ ಮೊದಲ ಮಳೆಗೆ ಶಪಿಸುತ್ತೀಯ. ಈಗ ಆ ಕೈ ನನ್ನದಾಯಿತಲ್ಲ ಅಮ್ಮ.

ತಿರುವಿಗೆ ಬಂದರೆ ಎಲ್ಲ ಕಡೆ ಒಂದೇ ಬಣ್ಣದ ನೀರು. ಹೊಂಡ ಎಲ್ಲಿತ್ತೆಂದು ತಿಳಿಯಲಿಲ್ಲ. ಆಮೇಲೆ ಕಂಡಿತು. ನೀರಿನ ಮೇಲೆ ಕಪ್ಪು ಕೊಡೆ, ಅರ್ಧ ಮುಳುಗಿದೆ. ಹಸಿರು ತೇಪೆ. ಮುದುಕಿ ಕೂರುವ ಜಾಗ ಖಾಲಿ.

ಬೆಳಿಗ್ಗೆ ಯಾರ ಮೂಗು ಬರೆದೆನೋ ಅವಳನ್ನು ಮಧ್ಯಾಹ್ನ ನಾನೇ ಕೊಂದೆ ಎಂದುಕೊಂಡೆ. ಕೊಡೆಯ ಹತ್ತಿರ ಹೋಗಿ ಎಳೆದೆ. ಬರಲಿಲ್ಲ. ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ಗಟ್ಟಿಯಾಗಿತ್ತು. ಅಮ್ಮ, ಆ ಒಂದು ಕ್ಷಣವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ಮುದುಕಿಯೇ! ತಲೆಯ ಮೇಲೆ ಹೂವಿನ ಬುಟ್ಟಿ ಬೋರಲು ಹಾಕಿಕೊಂಡು, ಮೈಯೆಲ್ಲ ತೊಯ್ದು ನಡುಗುತ್ತ ಎದುರಿನ ಜಗಲಿಯ ಮೇಲೆ ನಿಂತಿದ್ದವಳು ಇಳಿದು ಬಂದಿದ್ದಳು. ಆಮೇಲೆ ಅವಳ ಕೈಸನ್ನೆಯಿಂದ ತಿಳಿಯಿತು, ನಾನು ಕೊಂಬೆ ಕಿತ್ತದ್ದನ್ನು ಅವಳು ನೋಡಿದ್ದಳಂತೆ, ಕೂಗಿದಳಂತೆ, ಮಳೆಯ ಸದ್ದಿಗೆ ನನಗೆ ಕೇಳಿಸಿರಲಿಲ್ಲ. ತನ್ನ ಕೊಡೆಯನ್ನೇ ಹೊಂಡದೊಳಗೆ ಸಿಕ್ಕಿಸಿ ನಿಲ್ಲಿಸಿ, ಅದನ್ನೂ ಯಾರಾದರೂ ಒಯ್ದಾರೆಂದು ಕಾಯುತ್ತ ನಿಂತಿದ್ದಳು. ಮಲ್ಲಿಗೆಯೆಲ್ಲ ಕಂದಿಹೋಗಿತ್ತು. "ಇವ್ಳೋ ನೇರಂ ಎಂಗ ಪೋನೆ?" ಎಂದು ನನ್ನ ಭುಜ ಹಿಡಿದು ಅಲುಗಾಡಿಸಿದಳು. ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ ಎಂದು. ಅಷ್ಟು ತಮಿಳು ನನಗೂ ಅರ್ಥವಾಯಿತು. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಯಾರೂ ಬಿದ್ದಿರಲಿಲ್ಲ ಅಮ್ಮ. ಇಬ್ಬರೂ ಸೇರಿ ಕೊಡೆ ಕಿತ್ತು ಕೊಂಬೆ ನೆಟ್ಟೆವು. ನೆಡುವಾಗ ಅದು ನನ್ನ ಸೊಂಟದಷ್ಟು ಒಳಗೆ ಇಳಿಯಿತು, ಕೀಳುವಾಗ ಅದು ಗಮನಕ್ಕೇ ಬಂದಿರಲಿಲ್ಲ. ಕೊಡೆಯ ಎರಡು ಕಡ್ಡಿ ಮುರಿದಿತ್ತು. ನನ್ನ ಕೊಡೆಯನ್ನು ಅವಳಿಗೆ ಕೊಟ್ಟು ಬಂದೆ.

ಇವತ್ತು ನೀರು ಇಳಿದಿದೆ, ಮುಚ್ಚಳ ಹಾಕಿದ್ದಾರೆ. ಆದರೂ ಆ ತಿರುವಿನಲ್ಲಿ ಕಾಲು ಎತ್ತಿಡಲು ಭಯ. ಭಾನುವಾರ ಬೆಳಿಗ್ಗೆ ಮನೆಯಲ್ಲಿರುತ್ತೇನೆ. ಬೈಯುವುದನ್ನೆಲ್ಲ ಅಲ್ಲಿಯವರೆಗೆ ಕೂಡಿಟ್ಟುಕೋ.

ನಿನ್ನ ಹೆದರುಪುಕ್ಕಲಿ ಮಗಳು,
ಹರ್ಷಿಣಿ

ತಾ.ಕ.: ಪತ್ರ ಅಂಟಿಸುವ ಮೊದಲು ಮತ್ತೆ ಓದಿದೆ. ಸುಬ್ರಾಯರು ಹೇಳಿದ ಕೂಡಲೇ ಓಡಿದೆ ಎಂದು ಬರೆದಿದ್ದೇನೆ. ಅದು ಸುಳ್ಳು. ಕೊಂಬೆ ನೀರಲ್ಲಿ ತೇಲಿ ಬಂತು ಎಂದು ಅವರಿಗೆ ಹೇಳಿ, ಮೇಲೆ ಹೋಗಿ ಚಿಲಕ ಹಾಕಿಕೊಂಡೆ. ಕಿತ್ತದ್ದು ನಾನೆಂದು ಯಾರಿಗೂ ಗೊತ್ತಿಲ್ಲ, ಸಂಜೆಯ ರೈಲಿಗೆ ಹೋಗಿಬಿಡೋಣ ಎಂದು ಬಟ್ಟೆ ತುಂಬಿದೆ. ಅರ್ಧ ಗಂಟೆ. ಕೊನೆಗೆ ಸ್ಕೆಚ್ ಪುಸ್ತಕ ಎತ್ತಿದಾಗ ಮುದುಕಿಯ ಮುಖ ಕಂಡಿತು, ಆಗ ಇಳಿದೆ. ಆ ಅರ್ಧ ಗಂಟೆ ಅವಳು ಮಳೆಯಲ್ಲಿ ನಿಂತಿದ್ದಳು. ಮುಂದಿನ ಮಳೆಗಾಲ ನೀನು ಕೋಲು ಒಯ್ದವರನ್ನು ಶಪಿಸಲು ಶುರು ಮಾಡಿದಾಗ ನಾನು ಎದ್ದು ಒಳಗೆ ಹೋದರೆ, ಯಾಕೆಂದು ಅಪ್ಪನ ಎದುರು ಕೇಳಬೇಡ, ಇದು ನಮ್ಮಿಬ್ಬರಲ್ಲೇ ಇರಲಿ.