ಗುಂಡು ಹಾರಿಸದ ಎರಡು ಹಡಗುಗಳು

ತೇಲುಕೇರಿ, ಕಾರವಾರ
ಫೆಬ್ರವರಿ ೩೦, ೨೧೯೭

ನೂರೆಪ್ಪತ್ತು ವರ್ಷಗಳ ಹಿಂದೆ ಕುಳಿತು ಕಡಲಯುದ್ಧದ ಆಟ ಆಡುತ್ತಿರುವ ನಿಮಗೆ ಮುಕ್ತಾ ಹರಿಕಂತ್ರಳ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ರಜೆಯಾಗಿ ಬರುತ್ತವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಮನ್ನಿಸಿ. ತೇಲುಕೇರಿ ಎಂದರೆ ನೀರು ಏರಿದ ಮೇಲೆ ನಾವು ಕಾಳಿ ನದಿ ಕಡಲು ಸೇರುವಲ್ಲಿ ಹಗ್ಗಕ್ಕೆ ಕಟ್ಟಿಕೊಂಡು ವಾಸಿಸುವ ಮನೆಗಳ ಸಾಲು. ಉಬ್ಬರದಲ್ಲಿ ಪಕ್ಕದ ಮನೆ ಎರಡು ಮಾರು ಹತ್ತಿರ ಬರುತ್ತದೆ, ಇಳಿತದಲ್ಲಿ ದೂರ ಸರಿಯುತ್ತದೆ. ಒಗ್ಗರಣೆಗೆ ಪಕ್ಕದ ಮನೆಯಿಂದ ಕರಿಬೇವು ಬೇಕಾದರೆ ಉಬ್ಬರ ಬರುವವರೆಗೆ ಕಾಯುತ್ತೇವೆ. ಕಡಲಪಾಚಿಯ ಹಿಟ್ಟಿನ ರೊಟ್ಟಿ, ಮೀನಿನ ಸಾರು, ಮಧ್ಯಾಹ್ನ ಒಂದು ನಿದ್ದೆ. ಒಟ್ಟಿನಲ್ಲಿ ಸುಖವಾಗಿದ್ದೇವೆ.

ನೀವು ಆಡುವಂಥ ಆಟವನ್ನೇ ನಾವೂ ಪರದೆಯ ಮೇಲೆ ಆಡುತ್ತೇವೆ. ಪಂದ್ಯಕ್ಕೆ ಸಾಕಷ್ಟು ಜನ ಸಿಗದಿದ್ದಾಗ ಖಾಲಿ ಹಡಗುಗಳನ್ನು ಕಂಪ್ಯೂಟರೇ ನಡೆಸುತ್ತದೆ. ಅಂಥ ಚಾಲಕನನ್ನು ನಾವು ಗಣಕನಾಯಕ ಎನ್ನುತ್ತೇವೆ. ಅವರನ್ನು ತಯಾರಿಸುವುದೇ ಇಪ್ಪತ್ತು ವರ್ಷ ನನ್ನ ಉದ್ಯೋಗವಾಗಿತ್ತು. ಗುರಿ ಇಡುವುದನ್ನು ಕಲಿಸುವುದು ಸುಲಭ. ಗುರಿ ತಪ್ಪುವುದನ್ನು ಕಲಿಸುವುದು ಕಷ್ಟ. ಹತ್ತು ಪಂದ್ಯಗಳಲ್ಲಿ ಆರನ್ನು ಮನುಷ್ಯರೇ ಗೆಲ್ಲಬೇಕು, ಎದುರಿನವರು ಸೋಲತೊಡಗಿದರೆ ಗಣಕನಾಯಕ ಇನ್ನೂ ಮೆತ್ತಗಾಗಬೇಕು ಎಂಬುದು ನಮ್ಮ ನಿಯಮ. ಆಡುವವರಿಗೆ ಗೊತ್ತಾಗದಂತೆ ಅವರಿಗೆ ಮನುಷ್ಯರ ಹೆಸರಿಡುತ್ತಿದ್ದೆವು. ನಡುನಡುವೆ ಹೇಳಲು ಒಂಬತ್ತು ಮಾತುಗಳನ್ನು ನಾನೇ ಬರೆದುಕೊಟ್ಟಿದ್ದೆ.

ಒಮ್ಮೆ ಒಂದು ದೂರು ಬಂತು. ಪ್ರತಿ ಶನಿವಾರ ಎರಡು ಯುದ್ಧನೌಕೆಗಳು ಒಂದು ದ್ವೀಪದ ಪಕ್ಕದಲ್ಲಿ ಮೂರು ಮೂರು ಗಂಟೆ ಸುಮ್ಮನೆ ಸುತ್ತುತ್ತಿದ್ದವು. ಕಲ್ಲೆಸೆದರೆ ತಾಗುವಷ್ಟು ಹತ್ತಿರವಿದ್ದರೂ ಒಂದೂ ಗುಂಡು ಹಾರಿಸುತ್ತಿರಲಿಲ್ಲ. ಒಂದರಲ್ಲಿದ್ದವನು ಕಮಲಾಕ್ಷ, ನನ್ನ ಗಣಕನಾಯಕ. ಇನ್ನೊಂದರಲ್ಲಿದ್ದವರು ಬಂದರಿನಲ್ಲಿ ನಲವತ್ತು ವರ್ಷ ದೊಡ್ಡ ಹಡಗುಗಳನ್ನು ಎಳೆಯುವ ಟಗ್ ದೋಣಿ ಓಡಿಸಿ ನಿವೃತ್ತರಾದ ಗಣಬಾ ತಾಂಡೇಲ.

ನಮ್ಮ ಮೇಲಧಿಕಾರಿ ರೋಹಿದಾಸ ಹೇಳಿದ, "ಯಂತ್ರದ್ದೇ ದೋಷ. ಪ್ರೋಗ್ರಾಮಲ್ಲಿ ನಾಕ್ ಸಾಲು ತಿದ್ದಿಬಿಡು, ಮುಗೀತು. ಮುದುಕಗೆ ಏನೂ ಹೇಳೂಕೆ ಹೋಗಬೇಡ."

ನನಗೆ ಸಮಾಧಾನವಾಗಲಿಲ್ಲ. ದೋಣಿ ಮಾಡಿಕೊಂಡು ಸದಾಶಿವಗಡದ ದಡಕ್ಕೆ ಹೋದೆ. ಗಣಬಾ ಮೆಟ್ಟಿಲ ಮೇಲೆ ಕುಳಿತು ಸೀಗಡಿ ಸುಲಿಯುತ್ತಿದ್ದರು. ಆಟದ ಕಚೇರಿಯಿಂದ ಬಂದ ಮುಕ್ತಾ ನಾನು ಎಂದ ಕೂಡಲೇ ಅವರ ಮುಖ ಸಣ್ಣದಾಯಿತು.

"ಕಮಲಾಕ್ಷ ಆರಾಮ ಇದ್ದಾನಲ್ಲ?"

ಯಾಕೆ ಹಾಗೆ ಕೇಳುತ್ತೀರಿ ಎಂದೆ.

"ಪಾಪ, ಸೋತಾಗೆಲ್ಲ 'ಇವತ್ತು ನನ್ನ ದಿನ ಸರಿಯಿಲ್ಲ' ಅಂತಾನೆ. ಆರು ವರ್ಷದಿಂದ ಅಂವನ ದಿನ ಸರಿ ಇಲ್ಲ ತಂಗಿ! ಮನೇಲಿ ಏನ್ ಕಷ್ಟವೋ ಏನೋ. ಅದ್ಕೇ ಶನಿವಾರ ನಾನೇ ಸೋಲೂದು ಅಂತ ಮಾಡಿದೆ. ಹೊಡಿ ಅಂತ ಅಡ್ಡ ತಿರುಗಿ ನಿಲ್ತೆ. ಅಂವ ಹೊಡೂದೇ ಇಲ್ಲ."

ಆಗ ನನಗೆ ಎಲ್ಲವೂ ಅರ್ಥವಾಯಿತು. ಗಣಬಾ ಸೋಲಲು ನೋಡಿದಷ್ಟೂ ಕಮಲಾಕ್ಷ ಮೆತ್ತಗಾಗುತ್ತಿದ್ದ. ಅವನು ಮೆತ್ತಗಾದಷ್ಟೂ ಇವರ ಕನಿಕರ ಹೆಚ್ಚುತ್ತಿತ್ತು. ಏನೋ ಒಂದು ನೆಪ ಹೇಳಿ ಎದ್ದು ಬರಬಹುದಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಕಮಲಾಕ್ಷ ಅನ್ನೋರು ಯಾರೂ ಇಲ್ಲ ಮಾಮಾ. ಅದು ಗಣಕ. ಆ ಮಾತು ಬರೆದವಳು ನಾನು."

ಅವರು ಕೈಯಲ್ಲಿದ್ದ ಸೀಗಡಿಯನ್ನು ಅರ್ಧ ಸುಲಿದು ತಟ್ಟೆಯಲ್ಲಿಟ್ಟರು.

"ಹಂಗಾರೆ ಇಷ್ಟು ದಿನ ನಾ ಯಾರಿಗಾಗಿ ಸೋಲೂಕೆ ನೋಡ್ದೆ?"

ಅವರು ಕೈ ತೊಳೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರಳಿ ಬರುವಾಗ ದೋಣಿಯಲ್ಲಿ ಕುಳಿತು ನಾನು ಅತ್ತೆ. ಹಾಗೆ ಅತ್ತದ್ದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಎರಡು ಶನಿವಾರ ಅವರು ಆಟಕ್ಕೆ ಬರಲಿಲ್ಲ. ಕಮಲಾಕ್ಷನ ಜಾಗದಲ್ಲಿ ನಾನೇ ನನ್ನ ಹೆಸರಿನಲ್ಲಿ ಹಡಗು ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಮೂರನೆಯ ಶನಿವಾರ ದ್ವೀಪದ ಹಿಂದಿನಿಂದ ಅವರ ಹಡಗು ಬಂತು. ನೂರಾರು ನಾಯಕರನ್ನು ತಯಾರಿಸಿದ ನಾನು ಅಂದಿನವರೆಗೆ ಒಬ್ಬ ಮನುಷ್ಯನ ಎದುರು ಚುಕ್ಕಾಣಿ ಹಿಡಿದವಳಲ್ಲ. ಅವರು ಒಂಚೂರೂ ಬಿಟ್ಟುಕೊಡಲಿಲ್ಲ. ಹನ್ನೊಂದು ನಿಮಿಷಕ್ಕೆ ನನ್ನನ್ನು ಮುಳುಗಿಸಿದರು. ಆಮೇಲೆ ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು:

"ನೀ ಗಣಕ ಅಲ್ಲ, ಗ್ಯಾರಂಟಿ. ಗಣಕ ಇಷ್ಟು ಕೆಟ್ಟದಾಗಿ ಆಡೂದಿಲ್ಲ. ನಾಳೆ ಮನೆಗೆ ಬಾ, ಹಡಗು ತಿರುಗಿಸೂದು ಕಲಿಸ್ತೆ."

ಒಬ್ಬಳೇ ಕುಳಿತು ಪಕ್ಕದ ಮನೆಯವರಿಗೆ ಕೇಳುವಷ್ಟು ಜೋರಾಗಿ ನಕ್ಕೆ. ಮರುದಿನ ಹೋದೆ, ಕಲಿತೆ. ಅಲೆಗೆ ಬೆನ್ನು ಕೊಟ್ಟು ಹಡಗು ತಿರುಗಿಸುವುದು ಹೇಗೆಂದು ಅವರು ಊಟದ ತಟ್ಟೆಯಲ್ಲಿ ಬೆರಳಾಡಿಸಿ ತೋರಿಸಿದರು.

ಗಣಕನಾಯಕರ ಹಡಗಿಗೆಲ್ಲ ಗುರುತಿಗೆ ಹಳದಿ ಬಾವುಟ ಹಾಕದೆ ಆ ನಾಲ್ಕು ಸಾಲು ತಿದ್ದುವುದಿಲ್ಲವೆಂದು ನಾನು ಹಟ ಹಿಡಿದೆ. ಜನ ಬಿಟ್ಟುಹೋಗುತ್ತಾರೆಂದು ರೋಹಿದಾಸ ಹೆದರಿದ. ಕೆಲವರು ಹೋದರು ನಿಜ. ಆದರೆ ಯಾರೊಂದಿಗೆ ಆಡುತ್ತಿದ್ದೇವೆಂದು ತಿಳಿದ ಮೇಲೆ ಬಂದವರು ಅದಕ್ಕಿಂತ ಹೆಚ್ಚು. ಈಗ ಬಾವುಟ ತನ್ನದೇ ಯೋಚನೆ ಎಂದು ರೋಹಿದಾಸ ಹೇಳಿಕೊಂಡು ತಿರುಗುತ್ತಾನೆ, ನಾನು ಬೇಡ ಅನ್ನುವುದಿಲ್ಲ. ಗಣಬಾ ಮಾಮಾ ಕಮಲಾಕ್ಷನ ಜೊತೆ ಈಗಲೂ ಆಡುತ್ತಾರೆ, ಕರುಣೆಯಿಲ್ಲದೆ. ಅವನ ಮೇಲೆ ಸಿಟ್ಟಿಲ್ಲವಂತೆ.

ನಿಮ್ಮ ಕಾಲದ ಹಡಗುಗಳಿಗೆ ಇಂಥ ಬಾವುಟವಿದೆಯೋ ಇಲ್ಲವೋ ನಾನರಿಯೆ. ಇಲ್ಲದಿದ್ದರೆ ನನ್ನದೊಂದು ಕೋರಿಕೆ. ಪಂದ್ಯ ಮುಗಿದ ಕೂಡಲೇ ಎದ್ದು ಹೋಗಬೇಡಿ. ಎದುರಿನ ಹಡಗನ್ನು ಒಮ್ಮೆ ಕೇಳಿ, "ಯಾವ ಊರು ನಿಮ್ಮದು?" ಉತ್ತರ ತಕ್ಷಣ ಬಾರದಿದ್ದರೆ ಸ್ವಲ್ಪ ಕಾಯಿರಿ. ಅಲ್ಲಿ ಯಾರೋ ಕನ್ನಡಕ ಸರಿಮಾಡಿಕೊಂಡು ಅಕ್ಷರ ಹುಡುಕುತ್ತಿರಬಹುದು.

ನಿಮ್ಮವಳೇ ಆದ
ಮುಕ್ತಾ