ಕಲ್ಲಿನಲ್ಲಿ ಬಿಟ್ಟ ಜಾಗ

ಭಾನುವಾರ, ಸಂಜೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಬರೆಯಲು ತಡವಾಯಿತು, ಎಷ್ಟು ಬೇಕೋ ಅಷ್ಟು ಬೈದುಕೋ. ಅಪ್ಪ ಹೋದ ಮೇಲೆ ಕಲ್ಲು ಕೆತ್ತುವ ಅಂಗಡಿಯ ಕೆಲಸವೆಲ್ಲ ನನ್ನ ತಲೆಗೇ ಬಿದ್ದಿದೆ. ಮಂಡಿನೋವು ಬಿಟ್ಟರೆ ಅಮ್ಮ ಗಟ್ಟಿಯಾಗಿದ್ದಾಳೆ. ನನ್ನನ್ನು ಗದರುವ ದನಿಯಂತೂ ಒಂದಿಷ್ಟೂ ಇಳಿದಿಲ್ಲ.

ಈಗ ಅಪ್ಪನ ಸಮಾಧಿಯ ಕಲ್ಲನ್ನೇ ಕೆತ್ತುತ್ತಿದ್ದೇನೆ. ಹೆಸರು, ಇಸವಿ ಮುಗಿದವು. ಕೆಳಗೆ ‘ವರ್ಚ್ಯುಅಸ್’ ಅಂತ ಹಾಕಲೇಬೇಕೆಂದು ಚಿಕ್ಕಪ್ಪನ ಹಟ. ಆ ಪದ ಕಿವಿಗೆ ಬಿದ್ದದ್ದೇ ನಮ್ಮ ಹಳೆಯ ದಿನಗಳು ಕಣ್ಣಿಗೆ ಕಟ್ಟಿದವು. ನೆನಪಿದೆಯಾ? ಕಲ್ಲಿನ ಮೇಲೆ ಇಂಗ್ಲಿಷ್ ಪದವಿದ್ದರೇ ಘನತೆ ಎಂದು ಜನ ಅದನ್ನು ಕೇಳತೊಡಗಿದಾಗ ಅಪ್ಪ ಶಾಲೆಯ ಮೇಷ್ಟ್ರ ಹತ್ತಿರ ಹೋಗಿ ಅರ್ಥ ತಿಳಿದುಕೊಂಡು ಬಂದ. “ಸದ್ಗುಣಿ ಅಂತ ಅರ್ಥವಂತೆ. ಯಾರಿಗೆ ಬಳಸ್ಬೇಕು ಅಂದ್ರೆ ಮಾತ್ರ ಮೇಷ್ಟ್ರು ತಲೆ ಕೆರ್ಕೊಂಡ್ರು,” ಎಂದು ನಕ್ಕ. ಆಮೇಲೆ ತಾನೇ ಒಂದು ಕಟ್ಟಳೆ ಮಾಡಿಕೊಂಡ. ಆ ಪದ ಬೇಕೆಂದವರನ್ನು ಸ್ಟೂಲಿನ ಮೇಲೆ ಕೂರಿಸಿ, “ಸತ್ತವರು ಮಾಡಿದ ಒಂದು ಒಳ್ಳೆ ಕೆಲಸ ಹೇಳಿ, ಕೆತ್ತಿ ಕೊಡ್ತೀನಿ,” ಎನ್ನುವನು. ಹೇಳಲಾಗದೆ ತಡವರಿಸಿದರೆ, “‘ಬಿಲವೆಡ್’ ಹಾಕ್ತೀನಿ ಬಿಡಿ. ಪ್ರೀತಿಗೆ ಸಾಕ್ಷಿ ಬೇಕಿಲ್ಲ,” ಎಂದು ಒಪ್ಪಿಸಿಬಿಡುವನು.

ಕಲ್ಲುಗಳ ಹಿಂದೆ ಅಡಗಿ ಕೂತು ನಾವಿಬ್ಬರು ಏನೇನು ಕೇಳಲಿಲ್ಲ! ಹಾಲು ಮಾರುವವನ ಹೆಂಡತಿ ಬಹಳ ಹೊತ್ತು ಯೋಚಿಸಿ, “ನೀರು ಹಾಕ್ತಿದ್ರು, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಕೂಸಿರೋ ಮನೆ ಹಾಲಿಗೆ ಮಾತ್ರ ಹಾಕ್ತಿರ್ಲಿಲ್ಲ,” ಎಂದಳು. ಅಪ್ಪ “ಸಾಕು ಬಿಡಮ್ಮ” ಎಂದು ಉಳಿ ಎತ್ತಿಕೊಂಡ. ನಗು ಬಂದದ್ದು ನಿನಗೆ, ನೀನು ಮುಚ್ಚಿದ್ದು ನನ್ನ ಬಾಯಿ. ಹಲ್ಲಿಗೆಲ್ಲ ಕಲ್ಲಿನ ಪುಡಿ!

ಚಿಕ್ಕಪ್ಪನನ್ನೂ ಅದೇ ಸ್ಟೂಲಿನ ಮೇಲೆ ಕೂರಿಸಿ ಕೇಳಿದೆ. “ನಿಮ್ಮಪ್ಪ ದೇವರಂಥವನು ಕಣೋ,” ಎಂದ. ಅದಲ್ಲ, ಒಂದು ಕೆಲಸ ಹೇಳು ಎಂದದ್ದಕ್ಕೆ ಮುಖ ಊದಿಸಿಕೊಂಡು ಹೊರಟುಹೋದ. ಅಮ್ಮನನ್ನು ಕೇಳಿದರೆ, “ನನ್ನನ್ಯಾಕೆ ಕೇಳ್ತೀಯ? ನಿಮ್ಮಕ್ಕನ್ನ ಕೇಳು. ಅವಳು ಹೂಂ ಅಂದ್ರೆ ಹಾಕು,” ಎಂದಳು. ಅದಕ್ಕೇ ಈ ಕಾಗದ.

ಆರೋಗ್ಯ ನೋಡಿಕೋ. ಅಮ್ಮ ನಿನಗೂ ಭಾವನಿಗೂ ಆಶೀರ್ವಾದ ಹೇಳಿದ್ದಾಳೆ.

ನಿನ್ನ ತಮ್ಮ,
ಧೂಳಪ್ಪ

ತಾ.ಕ.: ನಿನ್ನ ಮಗು ಹೋದಾಗ ಅದರ ಪುಟ್ಟ ಕಲ್ಲಿಗೆ ನೀನೂ ಆ ಪದವನ್ನೇ ಕೇಳಿದೆ. ಅಪ್ಪ ಅಭ್ಯಾಸಬಲದಿಂದ, ತಲೆಯೆತ್ತದೆ, “ಒಂದು ಒಳ್ಳೆ ಕೆಲಸ ಹೇಳಮ್ಮ,” ಎಂದುಬಿಟ್ಟ. ಸರಿಯಾಗಿ ಕಣ್ಣೇ ಬಿಡದ ಕೂಸು ಏನು ತಾನೇ ಮಾಡೀತು! ಸ್ಟೂಲಿನಿಂದ ಎದ್ದು ಹೋದವಳು ನೀನು ಮತ್ತೆ ಈ ಕಡೆ ತಲೆಹಾಕಲಿಲ್ಲ. ಅಪ್ಪ ತೀರಿಕೊಂಡಾಗಲೂ ಭಾವ ಒಬ್ಬರೇ ಬಂದರು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಅಂದಿನಿಂದ ಅಪ್ಪ ಯಾರನ್ನೂ ಆ ಪ್ರಶ್ನೆ ಕೇಳಲಿಲ್ಲ. ಮೊದಲು ನಿನ್ನ ಮಗುವಿನ ಕಲ್ಲಿಗೆ, ಆಮೇಲೆ ಬೇಕೆಂದವರಿಗೆಲ್ಲ, ಬೀದಿಯೆಲ್ಲ ಶಪಿಸುತ್ತಿದ್ದ ಜಗಳಗಂಟನಿಗೂ, ಆ ಪದ ಕೆತ್ತಿಕೊಟ್ಟ.

ಅಪ್ಪನ ಕಲ್ಲಿನಲ್ಲಿ ಆ ಪದದಷ್ಟು ಜಾಗ ಬಿಟ್ಟಿದ್ದೇನೆ. ನೀನು ಬೇಡವೆಂದರೆ ಖಾಲಿಯೇ ಇರಲಿ, ನನಗೆ ಬೇಸರವಿಲ್ಲ. ಬೇಡ ಅನ್ನುವುದನ್ನಾದರೂ ಬಂದು ಹೇಳು.