ಮ್ಯಾಪಿನಲ್ಲಿ ಕಾಣದ ರಾಗಿ ಹೊಲ

ಅಕ್ಟೋಬರ್ 4, ಶನಿವಾರ

ಮತ್ತೆ ಅದೇ ಗೋಳು. ನಮ್ಮ ನಿಟ್ಟೂರನ್ನೇ ಕಂಪ್ಯೂಟರ್ ಗೇಮಿನೊಳಗೆ ಕಟ್ಟಲು ನಾನು ಬರೆಯುತ್ತಿರುವ ಹೆಚ್ಚುವರಿ ಕೋಡು, ಅದೇ ಆ ‘ಮಾಡ್’. ರಾಗಿ ಹೊಲದ ಬ್ಲಾಕ್ ಆಯಿತು, ಕೆಮ್ಮಣ್ಣಿನದೂ ಆಯಿತು. ಹತ್ತಿರ ನಿಂತು ನೋಡಿದರೆ ಚೆನ್ನಾಗಿವೆ— ಒಂದರಲ್ಲಿ ತೆನೆ, ಇನ್ನೊಂದರಲ್ಲಿ ಹೆಂಟೆ. ಮ್ಯಾಪ್ ತೆರೆದರೆ ಮಾತ್ರ ಊರೆಲ್ಲ ಒಂದೇ ಮುದ್ದೆ. ಮ್ಯಾಪಿನಲ್ಲಿ ಬ್ಲಾಕಿಗೊಂದು ಬಣ್ಣ, ಅದನ್ನು ನಾವೇ ಸೇರಿಸಬೇಕು. ರಾಗಿಗೆ ಹಸಿರಿನ ನಂಬರ್, ಮಣ್ಣಿಗೆ ಕೆಂಪಿನ ನಂಬರ್ ಹಾಕಿದೆ. ಬದಲಾಗಲೇ ಇಲ್ಲ. ದರಿದ್ರ ಕೋಡು.

ರೈಲ್ವೆ ಪರೀಕ್ಷೆ ಪಾಸಾಗಿದೆ. ಮೆಡಿಕಲ್ ಒಂದೇ ಬಾಕಿ. ಅಪ್ಪ ತಮ್ಮ ಹಳಿ ರಿಪೇರಿ ಗ್ಯಾಂಗಿನವರಿಗೆಲ್ಲ ಸಾರಿಬಿಟ್ಟಿದ್ದಾರೆ— "ನನ್ ಮಗ ಇಂಜಿನ್ ಓಡಿಸ್ತಾನೆ ಕಣ್ರಲಾ."

ಅ. 5

ತಂಗಿ ತೇಜು ಮರಳೂರಿನ ಪಿಜಿಯಿಂದ ಬಂದಳು. ಲ್ಯಾಪ್‌ಟಾಪ್ ತೋರಿಸಿ ಕೋಡಿಗೆ ಬೈದೆ.

"ಎಲ್ಲಾ ಸರಿ ಐತಲ್ಲೋ ಅಣ್ಣ. ಇದು ರಾಗಿ, ಇದು ಮಣ್ಣು."

"ಸುಮ್ನಿರೇ. ಎರಡೂ ಒಂದೇ."

ಬೆರಳಿನಿಂದ ಗಡಿ ಎಳೆದು ತೋರಿಸಿದಳು. ಬೆರಳು ಕಂಡಿತು, ಗಡಿ ಕಾಣಲಿಲ್ಲ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕಳು. ಆಮೇಲೆ ನಗಲಿಲ್ಲ.

ಅ. 6

ಕೊತ್ತಗೆರೆಗೆ, ಸೋದರಮಾವ ಶಿವಮೂರ್ತಿಗೆ ಫೋನ್ ಮಾಡಿದೆ. ಕೆಂಪಾದ ಮೆಣಸಿನ ಹಣ್ಣು ಬಿಡಿಸಲು ಹೋಗಿ ಹಸಿರು ಕಾಯಿಯನ್ನೂ ಬುಟ್ಟಿಗೆ ತುಂಬುತ್ತಾರೆಂದು ಅತ್ತೆ ಅವರನ್ನು ಹೊಲಕ್ಕೇ ಬಿಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾವೆಲ್ಲ ಅದಕ್ಕೆ ಹೊಟ್ಟೆ ತುಂಬ ನಕ್ಕಿದ್ದೆವು.

"ಹೂಂ ಕಣ್ಲಾ, ನಂಗೆ ಹಣ್ಣೂ ಕಾಯೀನೂ ಒಂದೇ. ನಿಮ್ ತಾತಂಗೂ ಹಂಗೇ ಇತ್ತು. ಅದ್ಕೇನೀಗ?"

"ಏನಿಲ್ಲ ಬುಡು ಮಾವ."

ಫೋನ್ ಇಟ್ಟುಬಿಟ್ಟೆ.

ಅ. 12

ಬಣ್ಣ ಗುರುತಿಸಲು ಬರುತ್ತದೆಯೇ ಎಂದು ಮೆಡಿಕಲ್‌ನಲ್ಲಿ ತೋರಿಸುವ ಬಣ್ಣದ ಚುಕ್ಕಿ ಚಿತ್ರಗಳನ್ನು ಡೌನ್‌ಲೋಡ್ ಮಾಡಿದೆ. ಚುಕ್ಕಿಗಳ ನಡುವೆ ಅಂಕಿ ಇರುತ್ತದಂತೆ. ನನಗೆ ಬರೀ ಚುಕ್ಕಿ. ಯಾವ ಚಿತ್ರಕ್ಕೆ ಯಾವ ಅಂಕಿ ಎಂದು ಬಾಯಿಪಾಠ ಮಾಡುತ್ತಿದ್ದೇನೆ, ಮಗ್ಗಿ ಕಲಿತ ಹಾಗೆ. ಮಾಡ್ ಮುಟ್ಟಿಲ್ಲ.

ಅಪ್ಪ ಇಣುಕಿ ನೋಡಿ, "ಓದ್ಕೊ ಓದ್ಕೊ" ಎಂದು ಟೀ ಇಟ್ಟು ಹೋದರು. ಥೂ ನನ್ನ ಜನ್ಮಕ್ಕೆ.

ಅ. 19

ತೇಜು ಹಬ್ಬಕ್ಕೆ ಬಂದಿದ್ದಾಳೆ. ಅಪ್ಪನ ಡ್ಯೂಟಿ ಬಾವುಟಗಳು ಬಾಗಿಲ ಹಿಂದೆ ಇರುತ್ತವೆ— ಒಂದು ಕೆಂಪು, ಒಂದು ಹಸಿರು. ತೆಗೆದುಕೊಂಡು ಹೊಲಕ್ಕೆ ಹೋದೆವು. ಅವಳು ಆ ಬದುವಿನಲ್ಲಿ, ನಾನು ಈ ಬದುವಿನಲ್ಲಿ. ಹಿಂದೆ ರಾಗಿ ಪೈರು.

"ಯಾವ್ದು?" ಅಂತ ಒಂದು ಬಾವುಟ ಎತ್ತಿ ಕೂಗಿದಳು.

"ಹಸಿರು!"

ಅವಳು ಬಾವುಟ ಇಳಿಸಿದಳು. ಮತ್ತೆ ಕೇಳಲಿಲ್ಲ. ವಾಪಸ್ ಬರುವಾಗ ಅಳುತ್ತಿದ್ದಳು.

"ಅಪ್ಪಂಗೆ ನೀನ್ ಹೇಳ್ತೀಯೋ, ನಾನ್ ಹೇಳ್ಲೋ?"

"ಬಾಯ್ ಮುಚ್ಕೊಂಡಿರು. ಚಿತ್ರ ಎಲ್ಲಾ ಬಾಯಿಗ್ ಬಂದೈತೆ."

ಅ. 23, ಬೆಳಿಗ್ಗೆ

ಮೆಡಿಕಲ್ ಇವತ್ತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅಂಕಿ ಹೇಳುತ್ತೇನೆ. ಪಾಸಾದರೂ ಆಗಿಬಿಡುತ್ತೇನೆ... ಭಯ ಇರುವುದು ಅದಕ್ಕೇ.

ನಿನ್ನೆ ಗೇಟಿನ ಹತ್ತಿರ ಹಳಿ ಬಿಚ್ಚಿದ್ದರು. ಗ್ಯಾಂಗಿನವರೆಲ್ಲ ಬಗ್ಗಿ ಕೆಲಸ ಮಾಡುತ್ತಿದ್ದರು. ಅಷ್ಟು ದೂರದಲ್ಲಿ, ರೈಲು ಬರುವ ದಿಕ್ಕಿಗೆ ಮುಖ ಮಾಡಿ, ಕೆಂಪು ಬಾವುಟ ಹಿಡಿದು ಒಬ್ಬರೇ ನಿಂತಿದ್ದವರು ಅಪ್ಪ. ಹಿಂದೆಲ್ಲ ಪೊದೆ. ಬಾವುಟ ಎಲ್ಲಿದೆ ಎಂದು ಹುಡುಕಬೇಕಾಯಿತು ನನಗೆ.

ಅಪ್ಪ ಹಬ್ಬದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ನನ್ನ ಜೊತೆ ಬರುತ್ತಾರಂತೆ.

"ಏನ್ಲಾ ಚನ್ನೇಶ, ಟ್ರೈನ್ ಬರೋ ಹೊತ್ತಾಯ್ತು, ಇನ್ನೂ ಏನ್ ಗೀಚ್ತಾ ಕೂತಿದೀಯಾ?"

ಹೇಳಿಬಿಡುತ್ತೇನೆ. ಈಗಲೇ. ಹೇಗೆ ಶುರು ಮಾಡುವುದು— ಅಪ್ಪ, ನೀವ್ ಹಿಡ್ಕೊಂಡ್ ನಿಂತ್ಕೊಳ್ಳೋ ಬಾವುಟ ನಂಗೆ ಕಾಣ—